ಹೊನ್ನಾವರದ ಸಭೆಗೊಬ್ಬಳು ಮುತ್ತೈದೆ

"ಮೋರೆ ಎತ್ತೆ ರಂಡೆ! ಕುಂಕುಮ ಎಲ್ಲಿಗೆ ಹಚ್ಚೂದು, ನಿನ್ನ ಕುಂಡೆಗಾ?"

ಒಡೇರು ಜಗಲಿಯ ಮೇಲಿಂದ ಗದರಿದರು. ಕೆಲಸದ ತಿಮ್ಮಿ ಮಾಸ್ತಮ್ಮನ ಹಣೆಗೆ ಕುಂಕುಮ ಒತ್ತಿದಳು. ಪಲ್ಟನಿಗೆ ಸೇರಿದ್ದ ಮಾಸ್ತಮ್ಮನ ಗಂಡ ಈರ ಬರ್ಮಾದ ಕಾಡಿನಲ್ಲಿ ಸತ್ತ ಸುದ್ದಿ ಊರಾದ ಹಿರೇಗುತ್ತಿಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಅವತ್ತು ಬಳೆ ಒಡೆದವಳೂ ಇದೇ ತಿಮ್ಮಿ.

"ಒಡ್ಯಾ, ಇದು ಪಾಪ ಅಲ್ದಾ?" ಮಾಸ್ತಮ್ಮ ಕೇಳಿದಳು.

"ಪಾಪ ನಂಗಿರ್ಲಿ. ಹೊನ್ನಾವರದ ಸಭೆಯಲ್ಲಿ ನಿನ್ನ ಗುರ್ತ ಯಾರಿಗಿದ್ದು? ಗಂಡ ಪಲ್ಟನಲ್ಲಿ ಚಲೋ ಇದ್ದಾನೆ ಅನ್ನು, ಪಲ್ಟನಿಗೆ ಸೇರೋ ಪೋರಗಳಿಗೆ ತಿಲಕ ಇಡು, ಆತು. ಇಲ್ದಿದ್ರೆ ನಾಳೆಯಿಂದ ಗಜನಿ ಗದ್ದೆ ಬೇರೆ ಒಕ್ಕಲಿಗೆ."

ಉಪ್ಪುನೀರು ಏರಿ ಬರುವ ಆ ಗದ್ದೆಗೆ ಸೊಂಟದವರೆಗಿನ ಕೆಸರಲ್ಲಿ ನಿಂತು ಕಟ್ಟೆ ಕಟ್ಟಿದ್ದು ಅವಳೂ ಈರನೂ. ಅದು ಹೋದರೆ ಅವಳಿಗೂ ಕಣ್ಣು ಕಾಣದ ಅತ್ತೆಗೂ ಗಂಜಿಯಿಲ್ಲ. ಮಾಸ್ತಮ್ಮ ಬಾಯಿ ಮುಚ್ಚಿಕೊಂಡು ಹೊರಟಳು.

ಹಿಂದೆ ಇದೇ ಒಡೇರು ಖಾದಿ ಟೊಪ್ಪಿ ಇಟ್ಟು, ಸರ್ಕಾರಕ್ಕೆ ತೀರ್ವೆ ಕೊಡಬೇಡಿ ಎಂದು ಒಕ್ಕಲುಗಳನ್ನು ಲಾಠಿಯ ಮುಂದೆ ನಿಲ್ಲಿಸಿದವರು. ಈಗ ಟೊಪ್ಪಿ ಪೆಟ್ಟಿಗೆಯಲ್ಲಿತ್ತು, ಅವರು ಪಲ್ಟನಿಗೆ ಜನ ಕೂಡಿಸುವ ಸರ್ಕಾರದ ಯುದ್ಧ ಕಮಿಟಿಯ ಕುರ್ಚಿಯಲ್ಲಿದ್ದರು. ಗಾಳಿ ತಿರುಗಿದ ದಿನ ಟೊಪ್ಪಿಯನ್ನು ಕೊಡವಿ ಇಟ್ಟುಕೊಂಡರಾಯಿತು.

ದೋಣಿಯಲ್ಲಿ ಹೊಳೆ ದಾಟಿಸಿ, ಹೊಗೆ ಕಾರುವ ಇದ್ದಿಲ ಬಸ್ಸು ಹತ್ತಿಸಿ ಅವಳನ್ನು ಹೊನ್ನಾವರಕ್ಕೆ ತಂದರು. ಸಭೆಗೆ ಬಂದವರ ಮುಖದಲ್ಲಿ ರಕ್ತವಿರಲಿಲ್ಲ. ಅಕ್ಕಿಯಿಲ್ಲ, ಚಿಮಣಿ ಎಣ್ಣೆಯಿಲ್ಲ. ಸರ್ಕಾರದ ಪರವಾಗಿ ಬಂದಿದ್ದ ಸಾಯೇಬರು ಎದ್ದು ನಿಂತು, "ಇನ್ನು ಸ್ವಲ್ಪ ತಾಳ್ಮೆ ಇರಲಿ. ಗೆಲುವು ಹತ್ತಿರದಲ್ಲಿದೆ" ಎಂದರು.

"ಹ್ವಾದ ವರ್ಷವೂ ಹತ್ರನೇ ಇತ್ತಲ್ರಾ!" ಮೀನು ಮಾರುವ ನಾಗು ಕೂಗಿದಳು. "ಎಂತ, ಕುಂಟ್ಕಂಡು ಬತ್ತಿದ್ಯಾ ಅದು?"

ಜನ ನಕ್ಕರು. ಸಾಯೇಬರ ಮುಖ ಗಂಟಾಯಿತು. ಒಡೇರು ತಡಮಾಡದೆ ಮಾಸ್ತಮ್ಮನ ಕೈಗೆ ಆರತಿ ತಟ್ಟೆ ಕೊಟ್ಟು ಮುಂದಕ್ಕೆ ನೂಕಿದರು. "ನೋಡಿ, ಶಿಪಾಯಿಯ ಹೆಂಡತಿ! ಇವಳ ತಾಳ್ಮೆ ನೋಡಿ ಕಲೀರಿ!"

ಪಲ್ಟನಿಗೆ ಸೇರಲು ಬಂದವರ ಸಾಲಿನಲ್ಲಿ ಮೊದಲನೆಯವ ದುರ್ಗ. ಎದೆಯ ಎಲುಬು ಎಣಿಸಬಹುದಿತ್ತು. ತಲೆ ಬಗ್ಗಿಸಿ ಮೆಲ್ಲಗೆ ಕೇಳಿದ: "ಅಕ್ಕಾ, ನಿಮ್ಮೋರು ಚಲೋ ಇದ್ದಾರಾ? ಅಲ್ಲಿ ಹೊಟ್ಟೆ ತುಂಬ ಹಾಕ್ತ್ರಂತೆ, ಹೌದಾ?"

ಅವನ ಹಣೆಯ ಹತ್ತಿರ ಹೋದ ಮಾಸ್ತಮ್ಮನ ಬೆರಳು ಅಲ್ಲೇ ನಿಂತಿತು. ಹಿಂದೆ ಕುರ್ಚಿಯಲ್ಲಿ ಒಡೇರ ಮಗ ಕೃಷ್ಣಾನಂದ ಕರ್ಚೀಫಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ದುರ್ಗನದೇ ಪ್ರಾಯ, ಮೈತುಂಬ ಮಾಂಸ. ಅವಳು ತಿರುಗಿ ಅವನ ಕಡೆಗೇ ನಡೆದಳು.

"ಏಳಿ ಸಣ್ಣೊಡ್ಯಾ. ದೊಡ್ಡ ಮನೆಯೋರು ಮುಂದೆ ಹೋದ್ರೆ ಊರಿಗೆಲ್ಲ ಧೈರ್ಯ."

ಅವಳ ಕೈ ಮೇಲೇಳುತ್ತಿದ್ದಂತೆ ಒಡೇರು ಹಾರಿ ಬಂದು ತಟ್ಟೆಗೆ ಹೊಡೆದರು. "ಥೂ ಬೋಸಡಿ! ಗಂಡ ಸತ್ತವಳ ಕೈ ನನ್ನ ಮಗನ ಹಣೆಗಾ!"

ತಟ್ಟೆ ಉರುಳಿತು. ಸಾಯೇಬರು ಒಡೇರ ಮುಖ ನೋಡಿದರು. ನಾಗು ಎದ್ದು ನಿಂತಳು.

"ಎಂತ ಅಂದ್ರಿ ಒಡ್ಯಾ? ಮತ್ತೊಂದ್ಸಲ ಹೇಳಿ. ಹೆತ್ತೋರಿಗೆಲ್ಲ ಕೇಳ್ಲಿ."

ಮಾಸ್ತಮ್ಮ ಬಗ್ಗಿ ನೆಲಕ್ಕೆ ಚೆಲ್ಲಿದ ಕುಂಕುಮಕ್ಕೆ ಹೆಬ್ಬೆಟ್ಟು ಒತ್ತಿದಳು.

"ಗದ್ದೆ ಯಾರಿಗ್ ಬೇಕಾದ್ರೂ ಕೊಟ್ಕಣಿ" ಎನ್ನುತ್ತ, ಕೃಷ್ಣಾನಂದನ ತಲೆಯನ್ನು ಕುರ್ಚಿಗೆ ಆನಿಸಿ ಹಿಡಿದು, ಅವನ ಹಣೆಯ ನಡುವೆ ಮಣ್ಣು ಸಮೇತ ಬಲವಾಗಿ ಒತ್ತಿದಳು.