ಮರಡಿ ಕ್ಲಬ್ಬಿನ ಕೀಪರ್

ಯಾರ ಮುಂದೆಯೂ ಆಡದೆ ನನ್ನೊಳಗೇ ಹೇಳಿಕೊಂಡ ಮಾತಿದು: ಫೈನಲ್ ದಿನ ಮುಂಜಾನೆ ದುಂಡೇಶಣ್ಣ ಚಾದ ಗ್ಲಾಸನ್ನು ಕಟ್ಟೆಯ ಮೇಲೆ ಇಡಲಿಲ್ಲ, ಕಟ್ಟೆಯ ಪಕ್ಕದ ಗಾಳಿಯಲ್ಲಿ ಇಟ್ಟ.

ಗ್ಲಾಸು ಚೂರಾಯಿತು. ಒಲೆಯ ಮುಂದಿದ್ದ ಅವ್ವ ಅಲ್ಲಿಂದಲೇ, "ಗ್ಲಾಸ್ ಹಿಡ್ಯಾಕ ಬರೂದಿಲ್ಲ, ಬಾಲ್ ಹೆಂಗ ಹಿಡೀತಿಯೋ ಭಾಡ್ಯಾ?" ಎಂದು ನಕ್ಕಳು. ಅಣ್ಣನೂ ನಕ್ಕ. ನಾನು ಕೆಳಗೆ ಕೂತು ಚೂರು ಆರಿಸಿದೆ. ಎಲ್ಲ ಚೂರೂ ಅವನ ಎಡಕ್ಕೇ ಬಿದ್ದಿದ್ದವು.

ಅಣ್ಣನ ಎಡಗಣ್ಣಿನ ಸಂಗತಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಬಸವನ ಬಾಗೇವಾಡಿಯವರ ಕೂಡ ಆಡಿದ ಮ್ಯಾಚಿನಲ್ಲಿ ಹತ್ತಿರದಿಂದ ಒದ್ದ ಚೆಂಡು, ಗೋಲು ಕಾಯುತ್ತಿದ್ದ ಅವನ ಆ ಕಣ್ಣಿಗೆ ಬಡಿದಿತ್ತು. ಬಾವು ಇಳಿದ ಮೇಲೆ, ಮೂಲೆಯಿಂದ ಏನೋ ಕರ್ರಗೆ ಸರಿದು ಬರುತ್ತದೆ ಎಂದ. ನನ್ನ ಸರ್ಟಿಫಿಕೇಟ್ ತರುವ ನೆಪ ಹೇಳಿ ಇಬ್ಬರೂ ಬಿಜಾಪುರಕ್ಕೆ ಹೋದೆವು. ಕಣ್ಣಿನ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿ, "ಒಳಗಿನ ಪದರ ಬಿಚ್ಚಾಕತ್ತೈತಿ. ಲಗೂನ ಆಪರೇಶನ್ ಆಗಬೇಕು. ನಡುವ ಇನ್ನೊಂದು ಏಟು ಬಿತ್ತಂದ್ರ ಆ ಕಣ್ಣಿನ ಆಸೆ ಬಿಡ್ರಿ" ಎಂದರು.

ಬರುವಾಗ ಬಸ್ಸಿನಲ್ಲಿ ಅಣ್ಣ ಕಿಡಕಿಯ ಕಡೆ ಮುಖ ಮಾಡಿ ಹೇಳಿದ: "ಫೈನಲ್ ಒಂದು ಮುಗೀಲಿ ಸುನೀ. ಮರುದಿನಾನ ಮಿರಜಿನ ದವಾಖಾನಿಗೆ ಹೋಗೂಣು. ಅಲ್ಲೀತನಕ ನೀ ಬಾಯಿ ಬಿಟ್ಟರ ಅವ್ವನ ಆಣಿ ಐತಿ ನೋಡು."

ಬಾಯಿ ಬಿಡದಿರುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಬಿ.ಎ. ಮುಗಿಸಿದವಳು, ಕಂಡಕ್ಟರನಿಗೆ "ನಿಲ್ಲಸ್ರಿ" ಎನ್ನಲಾಗದೆ ನಮ್ಮೂರು ದಾಟಿ ಹೋಗಿ ನಡೆದು ಬಂದವಳು ನಾನು. ಆದರೆ ಆಣೆ ಬೇರೆ. ಅಂದಿನಿಂದ ಅವ್ವ ಒಮ್ಮೆ ಕೆಮ್ಮಿದರೂ ನನ್ನ ಎದೆ ಧಸ್ ಎನ್ನುತ್ತಿತ್ತು.

ಅದು ಎರಡು ಸಾವಿರದ ಒಂದನೆಯ ಇಸವಿ. ನಮ್ಮ ತಾಂಬಾದ ಮರಡಿ ಫುಟ್‌ಬಾಲ್ ಕ್ಲಬ್ಬಿಗೆ ಇಪ್ಪತ್ತೈದು ತುಂಬಿತ್ತು. ಬೆಳ್ಳಿಹಬ್ಬದ ಸಂಚಿಕೆಗೆ ಕ್ಲಬ್ಬಿನ ಇತಿಹಾಸ ಬರೆಯುವ ಕೆಲಸವನ್ನು ಅಧ್ಯಕ್ಷರಾದ ಚನ್ನಬಸಯ್ಯನವರು ನನಗೆ ಹಚ್ಚಿದ್ದರು. "ಮಾತಾಡದವ್ರು ಚಲೋ ಬರೀತಾರ" ಅಂತ ಅವರ ಲೆಕ್ಕ.

ಬರೆಯುವಾಗ ಖುಷಿಯೂ ಆಯಿತು. ವರ್ಗವಾಗಿ ಬಂದ ಡ್ರಿಲ್ ಮಾಸ್ತರರೊಬ್ಬರು ಟ್ರಂಕಿನಲ್ಲಿ ಗಾಳಿ ಬಿಟ್ಟ ಚೆಂಡು ತಂದದ್ದು. ಗರಡಿಯ ಹುಡುಗರು ಮೊದಮೊದಲು ಅದನ್ನು ಅವುಚಿಕೊಂಡು ಓಡಿ ಒಬ್ಬರನ್ನೊಬ್ಬರು ಕೆಡವಿದ್ದು. ಊರ ಮಗ್ಗುಲಿನ ಮರಡಿಯ ಬರಡು ನೆಲದಲ್ಲಿ ಕಲ್ಲು ಆರಿಸಿ ಜಾಲಿಯ ಕಂಬ ನೆಟ್ಟದ್ದು. ಹೊಲ ಇದ್ದವರು, ಅಂಗಡಿಯವರು, ನಮ್ಮಂಥ ಕುರಿ ಕಾಯುವವರು ಒಂದೇ ಕೊಡದ ನೀರು ಕುಡಿದು ಆಡಿದ್ದು. ಎಲ್ಲ ಸರಳವಾಗಿ ಸಾಗಿತು, ಮೊದಲ ಕೀಪರ್ ಪರಸಪ್ಪನ ತನಕ.

ಪರಸಪ್ಪ ಎಂದರೆ ಊರಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಸಿಂದಗಿ ಮ್ಯಾಚಿನಾಗ ಗೋಲ್ ಬಿಡಲಿಲ್ಲ, ಜೀವಾ ಬಿಟ್ಟ." ಅದನ್ನೇ ಬರೆದು, ಅವನ ತಾಯಿ ಚನ್ನವ್ವನಿಗೆ ಓದಿ ತೋರಿಸಲು ಹೋದೆ. ಮುದುಕಿ ಜೋಳ ಹಸನು ಮಾಡುತ್ತಿದ್ದಳು. ಕೇಳಿ, ಮೊರ ಕೆಳಗಿಟ್ಟಳು.

"ಅಂವಾ ಸಿಂದಗಿಯವ್ರ ಕಾಲಾಗ ಸತ್ತಿಲ್ಲವಾ. ಆ ಮ್ಯಾಚಿಗೆ ವಾರ ಮೊದಲ ಬಂಡಿ ಮ್ಯಾಲಿಂದ ಬಿದ್ದು ಪಕ್ಕಡಿ ಎಲುವು ಮುರಕೊಂಡಿದ್ದ. ದಿನಾ ಅರಿಷಿಣ ಬಿಸಿ ಮಾಡಿ ಹಚ್ಚಾಕಿ ನಾನ. 'ಯವ್ವಾ, ಯಾರಿಗೂ ಹೇಳಬ್ಯಾಡ, ಆಟ ತಪ್ಪತೈತಿ' ಅಂದ. ಹೇಳಲಿಲ್ಲ. ಆ ಪಕ್ಕಡಿಗೇ ಒಬ್ಬಾಂವನ ಮೊಣಕಾಲು ಬಿತ್ತು."

ನಾನು ಬರೆದ ಹಾಳೆಯನ್ನು ಮಡಚಿ ಇಟ್ಟೆ.

"ಮರುವರ್ಷ ಆಟದ ಹೊತ್ತಿಗೆ ನಾನ ಮರಡಿಗೆ ಹೋದೆ. ಹೊಸಾ ಕೀಪರನ ಹೇಣ್ತಿ ನಿಂತಿದ್ಲು. ಆಕಿನ್ನ ಕೇಳಿದೆ: ನಿನ್ನ ಗಂಡ ಗಟ್ಟಿ ಅದಾನೇನ? ಗಂಡಸ್ರು ಹೇಳೂದಿಲ್ಲ, ಮನ್ಯಾಗಿನ ಹೆಂಗಸ್ರಿಗೆ ಗೊತ್ತಿರತೈತಿ. ಹುಚ್ಚಿ ಅಂದ್ರು. ಆಮ್ಯಾಲೆ ಪದ್ಧತಿ ಮಾಡಿಕೊಂಡ್ರು. ಅರಿಷಿಣ-ಕುಂಕುಮ ಅಂದ್ರು, ಕಾಯಿ ಒಡೀರಿ ಅಂದ್ರು. ಈಗ ಕೇಳಾವ್ರಿಗೂ ಉತ್ತರಾ ಬೇಕಾಗಿಲ್ಲ."

ಆ ಪದ್ಧತಿ ನನಗೂ ಗೊತ್ತು. ಫೈನಲ್ಲಿಗೆ ಮೊದಲು ಕೀಪರನ ಮನೆಯ ಹೆಣ್ಣುಮಗಳು ಗೋಲಿನ ಎರಡೂ ಕಂಬಕ್ಕೆ ಅರಿಷಿಣ-ಕುಂಕುಮ ಹಚ್ಚಬೇಕು. ಅಧ್ಯಕ್ಷರು, "ಕೀಪರ್ ಗಟ್ಟಿ ಅದಾನೇನವಾ?" ಎಂದು ಕೇಳಬೇಕು. ಆಕೆ, "ಗಟ್ಟಿ ಅದಾನ್ರಿ" ಎನ್ನಬೇಕು. ಕಾಯಿ ಒಡೆಯುತ್ತಾರೆ, ಹಲಗಿ ಬಾರಿಸುತ್ತಾರೆ. ಬೇರೆ ಉತ್ತರವನ್ನು ಯಾರೂ ಕೇಳಿದ್ದಿಲ್ಲ. ಪ್ರತಿ ಸಲ ಅವ್ವ ಹೋಗುತ್ತಿದ್ದಳು. ಈ ಸಲ, "ಇತಿಹಾಸ ಬರದಾಕಿ ನೀನ, ನೀನ ಹೋಗು" ಎಂದು ತಾಟು ನನ್ನ ಕೈಗೆ ಕೊಟ್ಟಳು.

ಮಧ್ಯಾಹ್ನ ಮರಡಿಯ ಸುತ್ತ ಜನವೋ ಜನ. ಆಲಮೇಲದಿಂದ, ಹೂವಿನ ಹಿಪ್ಪರಗಿಯಿಂದ ಟ್ರ್ಯಾಕ್ಟರ್ ತುಂಬಿ ಬಂದಿದ್ದರು. ಎದುರಾಳಿಗಳು ಮುದ್ದೇಬಿಹಾಳದವರು. ನಮ್ಮ ಕ್ಯಾಪ್ಟನ್ ಸಿದ್ದಲಿಂಗ ನನ್ನನ್ನು ನೋಡಿ ಕೂಗಿದ: "ಏ ದುಂಡ್ಯಾ, ನಿನ್ನ ತಂಗಿ ನನ್ನ ಗೋಲ್ ಎಲ್ಲಾ ಬರದಾಳಿಲ್ಲೋ?"

"ಒಳಗ ಹೋದವು ಬರದಾಳ," ಅಣ್ಣ ಅಂದ. "ನೀ ಹೊರಗ ಹೊಡದದ್ದೂ ಬರೀಬೇಕಂದ್ರ ಹಾಳಿ ಸಾಲೂದಿಲ್ಲ."

ಎಲ್ಲರೂ ನಕ್ಕರು. ನಗುತ್ತಲೇ ಅಣ್ಣ ನನ್ನ ಹತ್ತಿರ ಬಂದು, ತುಟಿ ಅಲುಗಿಸದೆ, "ಎರಡ ಶಬ್ದ ಸುನೀ. ಅಂದು ಬಿಡು" ಎಂದ. ಮುಖ ತುಸು ಎಡಕ್ಕೆ ಹೊರಳಿಸಿಕೊಂಡೇ ನಿಂತಿದ್ದ, ಬಲಗಣ್ಣಿನಿಂದ ನನ್ನನ್ನು ನೋಡಲು. ಯಾರೂ ಗಮನಿಸಲಿಲ್ಲ. ಇಷ್ಟು ಜನರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ.

ನಾನು ಮೊದಲ ಕಂಬಕ್ಕೆ ಅರಿಷಿಣ ಹಚ್ಚುತ್ತಿದ್ದಾಗ ಮುದ್ದೇಬಿಹಾಳದವರು ಚೆಂಡು ಒದ್ದು ಕಾಲು ಬಿಸಿ ಮಾಡಿಕೊಳ್ಳುತ್ತಿದ್ದರು. ಅವರಲ್ಲೊಬ್ಬ ಒದ್ದದ್ದು ದಿಕ್ಕು ತಪ್ಪಿ ನಮ್ಮ ಕಡೆ ಬಂತು. ಅಣ್ಣನ ಎಡಗಡೆಯಿಂದ ಬಂತು. ನನಗೆ ಕಂಡಿತು, ಸಿದ್ದಲಿಂಗನಿಗೆ ಕಂಡಿತು, ಗೆರೆಯ ಹೊರಗೆ ಕೂತಿದ್ದ ಮುದುಕರಿಗೂ ಕಂಡಿರಬೇಕು. ಅಣ್ಣನಿಗೆ ಕಾಣಲಿಲ್ಲ. ಚೆಂಡು ಅವನ ಕಿವಿಯ ಪಕ್ಕದಲ್ಲೇ ಹಾದು ಹೋಗಿ ಹಿಂದೆ ಬಿದ್ದಿತು. ಸಪ್ಪಳ ಕೇಳಿದ ಮೇಲೆ ಅವನು ಬೆಚ್ಚಿ ತಿರುಗಿದ.

"ಎದಿ ಅಂದ್ರ ಎದಿ! ಅಲುಗಲಿಲ್ಲ ನೋಡ್ರಿ ಹುಲಿ!" ಎಂದು ಯಾರೋ ಚಪ್ಪಾಳೆ ತಟ್ಟಿದರು.

ಎರಡನೆಯ ಕಂಬಕ್ಕೂ ಕುಂಕುಮ ಹಚ್ಚಿ ತಿರುಗಿದೆ. ಅವ್ವ ಜನರ ನಡುವೆ ಸೆರಗು ಹೊದ್ದು ನಿಂತಿದ್ದಳು. ನಾನು ಹೇಳಿದರೆ ಆಕೆಗೇನಾದರೂ ಆಗುತ್ತದೆಯೇ? ಹೇಳದಿದ್ದರೆ ಅಣ್ಣನಿಗೆ? ಊರೆಲ್ಲ ನನಗೆ ಏನನ್ನುತ್ತದೆ? ಅಣ್ಣ ಮತ್ತೆ ನನ್ನ ಕೂಡ ಮಾತಾಡುತ್ತಾನೆಯೇ?

ಚನ್ನಬಸಯ್ಯನವರು ಮೈಕು ಹಿಡಿದು ಬಂದರು. ಹಲಗಿ ನಿಂತಿತು. ಕಾಯಿ ಹಿಡಿದವನು ಕೈ ಮೇಲೆತ್ತಿದ್ದ.

"ಕೀಪರ್ ಗಟ್ಟಿ ಅದಾನೇನವಾ?"

ಮೈಕು ನನ್ನ ಬಾಯಿಯ ಮುಂದೆ ಬಂತು. ನನ್ನ ಉಸಿರೇ ಮರಡಿಯ ತುಂಬ ಕೇಳಿಸಿತು.

"ಗಟ್ಟಿ..." ಎಂದೆ. ಅಣ್ಣನ ಕಡೆ ನೋಡಿದೆ.

"ಬಿ.ಎ. ಮಾಡಿದಾಕಿಗೆ ಎರಡು ಶಬ್ದ ಬಾಯಿಪಾಠ ಇಲ್ಲೇನ್ರಿ!" ಎಂದು ಹಿಂದಿನಿಂದ ಒಬ್ಬ ಕೂಗಿದ. ನಗೆ ಎದ್ದಿತು. ಅಣ್ಣ ನಗಲಿಲ್ಲ. ತಲೆಯನ್ನು ಸಣ್ಣಗೆ ಅಡ್ಡಡ್ಡ ಆಡಿಸುತ್ತಿದ್ದ, ಬ್ಯಾಡ, ಬ್ಯಾಡ ಎಂದು.

"ಜೋರ ಅನ್ನವಾ, ಅಂಜಬ್ಯಾಡ," ಎಂದರು ಚನ್ನಬಸಯ್ಯನವರು, ಕಾಯಿಯ ಕಡೆ ನೋಡುತ್ತ. "ಗಟ್ಟಿ ಅದಾನಿಲ್ಲೋ?"

"ಇಲ್ರಿ ಅಯ್ಯಾರ," ಎಂದೆ. "ನಮ್ಮ ಅಣ್ಣಗ ಎಡಗಣ್ಣು ಕಾಣೂದಿಲ್ರಿ."