ದುರುಗಕ್ಕನ ತೆಲುಗು

ಗುಂಡಿಗೆ ಇಳಿದಿದ್ದ ದೊಡ್ಡಬೀರಪ್ಪ ಮೇಲೆ ಬರಲು ಸುತಾರಾಂ ಒಪ್ಪಲಿಲ್ಲ. ತಮ್ಮನ ಹೆಂಡತಿ ದುರುಗಕ್ಕನಿಗಾಗಿ ತೋಡಿದ ಗುಂಡಿ ಅದು. ಎಪ್ಪತ್ತು ದಾಟಿದ ಮನುಷ್ಯ ಎದೆಮಟ್ಟ ಮಣ್ಣಿನ ನಡುವೆ ನಿಂತು ಎಲ್ಲರ ಮೇಲೂ ಹರಿಹಾಯುತ್ತಿದ್ದ.

“ಇದು ನಮ್ಮ ಹೊಲ. ಬಾಜೂಕ ನನ್ನ ತಮ್ಮ ಮಲಗ್ಯಾನ. ನಮ್ಮ ದೇವ್ರ ಬಂಡಾರ ಹಾಕಿ ಮಣ್ಣು ಮಾಡ್ತೀವಿ. ಆ ಪಾಸ್ಟರು ಇಲ್ಲಿ ಬಾಯಿ ತೆರದ್ರ ನನ್ನೂ ಸೇರಿಸಿ ಮುಚ್ಚಿಬಿಡ್ರಿ!”

ಮಗಳು ಸುನೀತಾ ಅವ್ವನ ಹೆಣದ ತಲೆದೆಸೆಯಲ್ಲಿ ಕುಳಿತಿದ್ದಳು. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ರಜೆ ಹಾಕಿ ಬಂದು ಮೂರು ದಿನ ಆಸ್ಪತ್ರೆಯಲ್ಲಿ ಕಾದಿದ್ದಳು. ಗಂಡನ ಪಕ್ಕದಲ್ಲೇ ಮಣ್ಣಾಗಬೇಕು, ಮಣ್ಣು ಹಾಕುವ ಮುಂಚೆ ಪ್ರಾರ್ಥನೆ ಆಗಬೇಕು. ಅವ್ವ ಕೇಳಿದ್ದು ಇವೆರಡೇ. ಇವಳು ಕೈ ಹಿಡಿದು ಒಪ್ಪಿಕೊಂಡಿದ್ದಳು.

“ದೊಡ್ಡಪ್ಪಾ, ಅವ್ವಗ ಮಾತು ಕೊಟ್ಟೀನಿ.”

“ಅಂಜುಬುರುಕಿ ನಿಮ್ಮವ್ವ! ಅಂಜಿಕಿ ತೋರ್ಸಿ ಆಕೀನ ಹಿಡಕೊಂಡ್ರು ಈ ಚರ್ಚಿನವ್ರು. ನಾಳಿ ನಮ್ಮ ಬೀರಪ್ಪ ದೇವ್ರು ಸಿಟ್ಟಾದ್ರ, ಕುರಿ ಸತ್ರ, ಯಾರು ಬರ್ತಾರ?” ಅಂದ ಮುದುಕ.

ಪಾಸ್ಟರು ತೆಲುಗು ಬೈಬಲ್ಲು ಹಿಡಿದು ಬೇವಿನ ಮರದ ಕೆಳಗೇ ನಿಂತಿದ್ದರು. ಗಡಿಯಾಚೆಯ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವಾಗ ದುರುಗಕ್ಕನ ಪಕ್ಕದ ಮಷಿನ್ನಿನಲ್ಲಿ ಕೂರುತ್ತಿದ್ದ ನರಸಕ್ಕ ಎದ್ದಳು. “ಹೆಂಗ ಹಿಡಕೊಂಡ್ರು ಅಂತ ನಾ ಹೇಳ್ತೀನಿ ಕೇಳ್ರಿ. ಕರಕೊಂಡು ಹೋದಾಕಿ ನಾನು.”

*

ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಗಂಡ ಹೆಣವಾಗಿ ಬಂದಿದ್ದ. ಮಗಳೂ ಅದೇ ಊರಿನ ಬಸ್ಸು ಹತ್ತಿದಳು. ಅಂದಿನಿಂದ ದುರುಗಕ್ಕನಿಗೆ ಫೋನು ಬಂದರೂ ಎದೆ ಡವಡವ, ಬಾರದಿದ್ದರೂ ಡವಡವ. ಪ್ಯಾಂಟಿನ ಜೇಬು ಹೊಲಿಯುವಾಗ ಕಣ್ಣೆಲ್ಲೋ ಕೈಯೆಲ್ಲೋ. ಎರಡು ಸಲ ಸೂಜಿ ಬೆರಳಿಗೇ ಇಳಿದಿತ್ತು. ಉಂಡದ್ದು ಸೇರದು, ಮಾತ್ರೆಯಿಲ್ಲದೆ ನಿದ್ದೆ ಹತ್ತದು.

ನರಸಕ್ಕ ಒಂದು ಭಾನುವಾರ ಅವಳನ್ನು ಪ್ರಾರ್ಥನೆಗೆ ಎಳೆದೊಯ್ದಳು. ಅಲ್ಲೆಲ್ಲ ತೆಲುಗು. ದುರುಗಕ್ಕನಿಗೋ ಸಂತೆಯ ತೆಲುಗಷ್ಟೇ ಗೊತ್ತು. ನಿಮ್ಮ ‘ಚಿಂತ’ ಎಲ್ಲವನ್ನೂ ದೇವರ ಮೇಲೆ ಹಾಕಿ ಎಂದರು ಪಾಸ್ಟರು.

ಮುಂದಿನ ಭಾನುವಾರ ಅವಳು ಒಂದು ಚೀಲ ಹುಣಸೆಹಣ್ಣು ಹೊತ್ತು ತಂದು ಪಾಸ್ಟರ ಮುಂದೆ ಸುರಿದಳು. ತೆಲುಗಿನಲ್ಲಿ ಚಿಂತ ಅಂದರೆ ಚಿಂತೆಯೂ ಹೌದು, ಹುಣಸೆಯೂ ಹೌದು; ಸಂತೆಯಲ್ಲಿ ಅವಳ ಕಿವಿಗೆ ಬಿದ್ದದ್ದು ಎರಡನೆಯದು.

“ಮನ್ಯಾಗ ಇಷ್ಟ ಇತ್ರಿ. ಸಾಲದಿದ್ರ ಮತ್ತ ತರ್ತೀನಿ” ಅಂದಳು.

ಜನ ಬಿದ್ದು ಬಿದ್ದು ನಕ್ಕರು. ಪಾಸ್ಟರು ನಗದೆ ಅರ್ಥ ಬಿಡಿಸಿ ಹೇಳಿದರು. ನಾಚಿಕೆಯಿಂದ ಮುದುಡಿದ ದುರುಗಕ್ಕ ಆಮೇಲೆ ತಾನೂ ನಕ್ಕಳು, ನಗುತ್ತ ನಗುತ್ತ ಗಳಗಳ ಅತ್ತುಬಿಟ್ಟಳು. ಅವತ್ತು ಮಾತ್ರೆ ನುಂಗದೆ ಮಲಗಿದಳು. ಅಲ್ಲಿಂದಾಚೆಗೆ ದಿನಾ ಮಷಿನ್ನಿಗೆ ಕೂರುವ ಮುಂಚೆ ಕಣ್ಣು ಮುಚ್ಚಿ, “ಯೇಸಪ್ಪಾ, ಇವತ್ತಿನ ಹುಣಸಿಹಣ್ಣು ತಗೋ” ಅನ್ನುವಳು. ಫೋನು ಬಂದರೆ ಓಡದೆ, ನಡೆದುಕೊಂಡೇ ಹೋಗಿ ಎತ್ತುವಳು.

*

ದೊಡ್ಡಬೀರಪ್ಪ ಗುಂಡಿಯ ಅಂಚಿಗೆ ಕೈಯೂರಿದ.

“ಆಕಿ ನಕ್ಳಾ?” ಎಂದು ಕೇಳಿದ.

“ನಕ್ಳುರೀ. ಆಮ್ಯಾಲ ದಿನಾ ನಗ್ತಿದ್ಳು.”

ಅವಳು ಚರ್ಚಿಗೆ ಹೋದಳೆಂದು ಅವಳ ಮನೆಯ ನೀರು ಬಿಟ್ಟು ಅವನಿಗೆ ಎಂಟು ವರ್ಷವಾಗಿತ್ತು. ತಮ್ಮ ಸತ್ತ ಮೇಲೆ ಆ ಮುಖದಲ್ಲಿ ಅವನು ನಗು ಕಂಡಿರಲೇ ಇಲ್ಲ. ಈಗ ನೋಡುತ್ತೇನೆಂದರೂ ಉಂಟೇ?

“ಕೈ ಕೊಡವ್ವಾ” ಅಂದ. ಸುನೀತಾ ಎಳೆದು ಮೇಲಕ್ಕೆ ತಂದಳು. ಅವನು ಸೊಂಟದ ಗಂಟು ಬಿಚ್ಚಿ ಒಂದು ಚಿಟಿಕೆ ಅರಿಶಿನದ ಬಂಡಾರವನ್ನು ಹೆಣದ ಹಣೆಗೆ ಹಚ್ಚಿದ. ಅವಳು ತಡೆಯಲಿಲ್ಲ. ಆಮೇಲೆ ಅವನೇ ಪಾಸ್ಟರನ್ನು ಕೈಸನ್ನೆ ಮಾಡಿ ಕರೆದ.

ಪಾಸ್ಟರು ಬಂದು ಪುಸ್ತಕ ತೆರೆದರು.

“ತೆಲುಗು ಬ್ಯಾಡ್ರಿ. ಆಕಿ ಮತ್ತ ಏನರ ತಪ್ಪು ತಿಳ್ಕೊಂಡಾಳು. ಕನ್ನಡದಾಗ ಹೇಳ್ರಿ” ಅಂದ ಮುದುಕ.

ಪಾಸ್ಟರು ಪುಸ್ತಕ ಮುಚ್ಚಿದರು. “ದೇವಾ, ನಮ್ಮ ಅಕ್ಕಗೆ... ಅಕ್ಕಗೆ...” ಮುಂದಿನ ಮಾತು ಕನ್ನಡದಲ್ಲಿ ಸಿಗಲಿಲ್ಲ.

ದೊಡ್ಡಬೀರಪ್ಪ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇರುಕಿಕೊಂಡ. “ತಣ್ಣಗ ಇಡಪ್ಪಾ, ಅನ್ರಿ” ಎಂದು ಹೇಳಿಕೊಟ್ಟ.