ಸಕ್ಕರೆ ಹಾಕದ ಕಾಫಿ

ಅಂತರ್ಯುದ್ಧ ಮುಗಿದಂದಿನಿಂದ ಎರಡೂ ಕಡೆಯ ಹೋರಾಟಗಾರರ ಕಾಗದ, ದಿನಚರಿ, ಗುರುತಿನ ಚೀಟಿಗಳನ್ನು ಕೂಡಿಡುತ್ತ ಬಂದವಳು ನಾನು. ನಮ್ಮೂರಿನ ಹಳೆಯ ರೇಷ್ಮೆ ಕಾರ್ಖಾನೆಯ ಮಹಡಿ ತುಂಬ ಅವೇ. ಬೇರೂತಿನಿಂದ ಬರುವ ಓದಿದ ಮಂದಿ “ಎಂಥಾ ಸೇವೆ ಮಾಡ್ತಿದೀರಿ ಅಫಾಫಮ್ಮ” ಎಂದು ಹೊಗಳಿ ಹೋಗುತ್ತಾರೆ. ಸೇವೆಯಂತೆ ಸೇವೆ! ನಾನು ಆ ರಾಶಿಯಲ್ಲಿ ಹುಡುಕುತ್ತಿದ್ದದ್ದು ಒಬ್ಬನನ್ನು ಮಾತ್ರ. ನನ್ನ ತಮ್ಮ ರಮ್ಜಿಯನ್ನು ಸೇತುವೆಯ ಹತ್ತಿರ ಹಿಡಿದುಕೊಂಡು ಹೋದವನನ್ನು.

ಹೋದ ರಮ್ಜಿ ಮರಳಲಿಲ್ಲ, ಹೆಣವೂ ಸಿಗಲಿಲ್ಲ. ಹೆಣವಿಲ್ಲದೆ ಸಾವಿಲ್ಲ, ಸಾವಿಲ್ಲದೆ ಸಂತಾಪವಿಲ್ಲ. ಪಕ್ಕದ ಮನೆಯವಳೊಬ್ಬಳು ಬಾಯಿ ತಪ್ಪಿ “ದೇವರು ಅವನಿಗೆ ಕರುಣೆ ತೋರಲಿ” ಅಂದಾಗ ಅಮ್ಮ ಚಪ್ಪಲಿ ತೆಗೆದುಕೊಂಡಿದ್ದಳು. ಅದು ಸತ್ತವರಿಗೆ ಹೇಳುವ ಮಾತು. ಕಾಣೆಯಾದವರಿಗೆ “ಕ್ಷೇಮವಾಗಿ ಬರಲಿ” ಅನ್ನಬೇಕು. ಅಮ್ಮ ಬಾಗಿಲು ನೋಡುತ್ತಲೇ ಕಣ್ಣು ಮುಚ್ಚಿದಳು.

ಕಳೆದ ವಸಂತದಲ್ಲಿ ನಮ್ಮೂರಿನವನೇ ಆದ ಅಬು ವಜ್ದಿಯ ಸೊಸೆ ಅಟ್ಟ ಗುಡಿಸುವಾಗ ಸಿಕ್ಕಿದ ತಗಡಿನ ಡಬ್ಬಿಯೊಂದನ್ನು ತೆರೆದೂ ನೋಡದೆ ತಂದು ಕೊಟ್ಟಳು. ಒಳಗೆ ಮಾವನ ಯುದ್ಧಕಾಲದ ದಿನಚರಿ. “ಸೇತುವೆಯಲ್ಲಿ ಮೇಷ್ಟರ ಮಗ ರಮ್ಜಿ ಸಿಕ್ಕ. ಸಿಗರೇಟು ಕೇಳಿದ” ಎಂದು ಒಂದು ಪುಟ. ಮುಂದಿನ ಪುಟಗಳನ್ನು ಹರಿದು ಹಾಕಲಾಗಿತ್ತು. ನನ್ನ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಇವನು ನನಗೆ ನಮಸ್ಕಾರ ಹೇಳಿಕೊಂಡು ತಿರುಗಿದ್ದನಲ್ಲ!

ವಿಷಯ ತಿಳಿದದ್ದೇ ಅಬು ವಜ್ದಿ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದ. ಅವನ ಮಗ ವಜ್ದಿ ಪುರಸಭೆಯ ಚುನಾವಣೆಗೆ ನಿಂತಿದ್ದ. ನಾನು ಕಾಫಿ ತಂದಿಟ್ಟೆ. ಅವನು ಲೋಟ ಮುಟ್ಟಲಿಲ್ಲ. ನಮ್ಮಲ್ಲಿ ಕೋರಿಕೆ ಇಟ್ಟುಕೊಂಡು ಬಂದವನು ಅದು ನಡೆಯುವವರೆಗೆ ಕಾಫಿ ಕುಡಿಯುವುದಿಲ್ಲ; ‘ಕುಡಿ’ ಅಂದರೆ ಒಪ್ಪಿದಂತೆ.

“ಆ ದಿನಚರಿ ವಾಪಸ್ ಕೊಡು ತಂಗಿ. ಹುಡುಗನ ಚುನಾವಣೆ ಹಾಳಾಗತ್ತೆ.”

“ರಮ್ಜಿ ಏನಾದ ಅಣ್ಣ?”

“ನನ್ನ ಮಕ್ಕಳಾಣೆ! ಆವತ್ತು ಸಂಜೇನೇ ಬಿಟ್ ಕಳಿಸಿದ್ವಿ. ಜೀವಂತ ಹೋದ. ಆಮೇಲಿಂದು ನಂಗೇನು ಗೊತ್ತು?”

“ಸರಿ, ಕುಡೀರಿ. ದಿನಚರಿ ನಿಮ್ದೇ.”

ಅವನ ಮುಖ ಅರಳಿತು. ಒಂದೇ ಗುಟುಕಿಗೆ ಕುಡಿದ. ನಾನು ಕೊಟ್ಟದ್ದು ಸಕ್ಕರೆ ಹಾಕದ ಏಲಕ್ಕಿ ಕಾಫಿ, ಹಿಡಿಯಿಲ್ಲದ ಲೋಟದಲ್ಲಿ, ಸಾವಿನ ಮನೆಯಲ್ಲಿ ಕೊಡುವಂಥದ್ದು. ಆ ಕಹಿ ನಾಲಿಗೆಗೆ ತಾಗಿದ್ದೇ ತಡ, ಜೀವಮಾನದ ಅಭ್ಯಾಸ ಕೆಲಸ ಮಾಡಿತು. ಲೋಟ ಕೆಳಗಿಟ್ಟು ಗಂಭೀರವಾಗಿ ಅಂದ:

“ದೇವರು ಅವನಿಗೆ ಕರುಣೆ ತೋರಲಿ.”

ಅಂದ ಮೇಲೆ ತಾನೇನು ಅಂದೆನೆಂದು ಅವನಿಗೇ ಕೇಳಿಸಿತು.

“ಅಯ್ಯೋ, ಬಾಯ್ ತಪ್ಪಿ...”

“ಬಾಯಿ ಇವತ್ತೇ ಸರಿಯಾಗಿದೆ ಬಿಡು,” ಎಂದೆ. ಇನ್ನು ಅವನಿಗೆ ಬಹುವಚನ ದಂಡ. “ಎಲ್ಲಿ ಹೂತೆ?”

ಅವನು ದಿನಚರಿ ಕಸಿದುಕೊಂಡು ಇಳಿದುಹೋದ. ನಾನು ತಡೆಯಲಿಲ್ಲ, ಮಾತು ಕೊಟ್ಟಿದ್ದೆನಲ್ಲ.

ಮತದಾನಕ್ಕೆ ಮುಂಚಿನ ದಿನ, ಬೆಳಗಾಗುವಷ್ಟರಲ್ಲಿ, ಊರಿನ ಗೋಡೆಗಳ ಮೇಲೆ ವಜ್ದಿಯ ನಗುಮುಖದ ಪಕ್ಕದಲ್ಲೇ ಕಪ್ಪು ಅಂಚಿನ ಸಾವಿನ ಚೀಟಿ ಅಂಟಿತ್ತು. ರಮ್ಜಿಯ ಹೆಸರು, ಅವನ ಇಪ್ಪತ್ತರ ವಯಸ್ಸಿನ ಫೋಟೋ. ಕೆಳಗೆ: “ಸಂತಾಪವನ್ನು ಅಬು ವಜ್ದಿಯವರ ಮನೆಯಲ್ಲಿ ಸ್ವೀಕರಿಸಲಾಗುವುದು.”

ನಮ್ಮೂರಲ್ಲಿ ಮದುವೆ ತಪ್ಪಿಸುವವರುಂಟು, ಸಂತಾಪ ತಪ್ಪಿಸುವವರಿಲ್ಲ. ಊರಿಗೂರೇ ಅವನ ಹಜಾರಕ್ಕೆ ಬಂದು ಗೋಡೆಗುಂಟ ಸಾಲಾಗಿ ಕುಳಿತಿತು. ಬಾಗಿಲು ಹಾಕಲು ಅವನಿಗೆ ಧೈರ್ಯವಾಗಲಿಲ್ಲ. ಎಲ್ಲರೂ ಬಂದು ಕೈ ಕುಲುಕಿ “ದೇವರು ಅವನಿಗೆ ಕರುಣೆ ತೋರಲಿ” ಅಂದರು. ಪ್ರತಿಯೊಂದು ಕೈಗೂ ಅವನು ಇಷ್ಟಿಷ್ಟೇ ಕುಗ್ಗುತ್ತಿದ್ದ. ನಾನು ಕಣ್ತುಂಬ ನೋಡಿದೆ. ಕಾಫಿ ಬಗ್ಗಿಸುತ್ತಿದ್ದವಳೂ ನಾನೇ.

“ನಾಳೇನೂ ಬರ್ತೀವಿ,” ಎಂದು ಅವನ ಕಿವಿಯ ಹತ್ತಿರ ಹೇಳಿದೆ. “ನಾಡಿದ್ದೂ. ಅವನೆಲ್ಲಿದ್ದಾನೆ ಅಂತ ನೀನು ಹೇಳೋವರೆಗೂ.”

“ಸುಣ್ಣದ ಗೂಡು!” ಎಂದು ಕಿರುಚಿದ ಮುದುಕ. “ಸೇತುವೆ ಕೆಳಗಿನ ಸುಣ್ಣದ ಗೂಡಲ್ಲಿ! ನಾನೇ ಗುಂಡು ಹೊಡೆದೆ, ಸಾಕಾ?”

ಅಮ್ಮ ನೀರು ತರಲು ದಿನಾ ಆ ಸುಣ್ಣದ ಗೂಡಿನ ಮುಂದೆಯೇ ನಡೆದು ಹೋಗುತ್ತಿದ್ದಳು. ನಾನು ಅಲ್ಲೇ ಅತ್ತುಬಿಟ್ಟೆ. ಆದರೆ ಕಾಫಿಯ ಪಾತ್ರೆ ಕೆಳಗಿಡಲಿಲ್ಲ.

ಕಾಫಿ ಕೊಡಲು ಇನ್ನು ಉಳಿದಿದ್ದವನು ವಜ್ದಿ. ಅವನಿಗೂ ಬಗ್ಗಿಸಿಕೊಟ್ಟೆ. ಪಾಪ, ಅವನು ಆಗ ಹುಟ್ಟಿರಲೂ ಇಲ್ಲ. ಲೋಟ ತೆಗೆದುಕೊಂಡು, ತುಟಿಗೆ ತಾಗಿಸದೆ, ಎಲ್ಲರೆದುರು ನನ್ನ ಕಾಲ ಬಳಿ ಇಟ್ಟ.

“ಅಪ್ಪನ್ನ ಕ್ಷಮಿಸಿಬಿಡಿ ಅತ್ತೆ. ಕುಡಿ ಅನ್ನಿ.”

ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಅವನೆದುರು ಕುಳಿತೆ. ಕಾಫಿ ಆರುವವರೆಗೂ ಕುಳಿತಿದ್ದು, ಎದ್ದು ಸುಣ್ಣದ ಗೂಡಿನ ಕಡೆ ಹೊರಟೆ.